ಹಿತ್ತಲ ಸರ್ಕಾರಿ ತುಮ್ಮ

ವಳ್ಳೂರು, ಪಾವಗಡ ತಾಲ್ಲೂಕು
ಬಹುಧಾನ್ಯ ಸಂವತ್ಸರದ ಮಾಘ ಬಹುಳ ಪಂಚಮಿ, ಗುರುವಾರ

ಪ್ರೀತಿಯ ಮಗಳು ಪುಟ್ಟಕ್ಕನಿಗೆ ನಿನ್ನ ಅಪ್ಪ ಕದರಪ್ಪ ಬರೆಯುವುದು.

ಮೈ ಹೇಗಿದೆ? ಕಾಲು ಊದಿಕೊಂಡಿದೆ ಎಂದು ಬರೆದಿದ್ದೆ, ಇಳಿಯಿತೋ ಇಲ್ಲವೋ? ನೀರು ತರುವುದಕ್ಕೆ ಈಗಲೂ ನೀನೇ ಹೋಗುತ್ತಿದ್ದೀಯೋ, ಆ ಮನೆಯವರು ಬೇರೆ ಯಾರಾದರೂ ಹೋಗುತ್ತಾರೋ? ಏಳು ತಿಂಗಳ ಬಸುರಿಯ ಸೊಂಟದ ಮೇಲೆ ಕೊಡ ಹೊರಿಸಿದರು ಎಂದು ನನಗೆ ಗೊತ್ತಾದರೆ ಶಿರಾಕ್ಕೆ ಬಂದು ನಿಮ್ಮ ಅತ್ತೆಯ ಎದುರಿಗೇ ನಾಲ್ಕು ಮಾತು ಆಡುತ್ತೇನೆ, ಬೀಗರು ಗೀಗರು ಎಂದು ನೋಡುವುದಿಲ್ಲ. ಅಳಿಯಂದಿರು ಓಬಳಯ್ಯನವರ ಕೆಮ್ಮು ಕಡಿಮೆಯಾಗಿರಬೇಕು. ಇಷ್ಟು ಕೇಳಿದ ಮೇಲೆ ನಾವೂ ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು. ಕೂಲಿಮಠದ ಅಯ್ಯನೋರು ಕಾಗದ ಬರೆಯುವುದನ್ನು ಹಾಗೇ ಕಲಿಸಿದ್ದರು. ಬೆತ್ತ ಹಿಡಿದ ಅವರ ಕೈಯನ್ನು ಕಚ್ಚಿ ಮಠ ಬಿಟ್ಟು ಬಂದವನು ನಾನು. ಕ್ಷೇಮ ಇಲ್ಲದಿದ್ದರೆ ಏನು ಬರೆಯಬೇಕು ಎನ್ನುವುದು ಮುಂದಿನ ಪಾಠದಲ್ಲಿತ್ತೋ ಏನೋ.

ಇದನ್ನು ನೀನೊಬ್ಬಳೇ ಓದು. ಅಳಿಯಂದಿರ ಕೈಗೆ ಕೊಡಬೇಡ, ಅತ್ತೆಯ ಮುಂದೆ ಗಟ್ಟಿಯಾಗಿ ಓದಬೇಡ. ಹೆಣ್ಣು ಮಗುವನ್ನು ಇಸ್ಕೂಲಿಗೆ ಕಳಿಸುತ್ತೀಯಾ ಎಂದು ಊರೆಲ್ಲ ಆಡಿಕೊಂಡಾಗ ನಾನು ಹಟ ಹಿಡಿದದ್ದು ಇವತ್ತಿಗೆ ಉಪಯೋಗಕ್ಕೆ ಬಂತು. ಅಡಿಗೆಮನೆಯಲ್ಲಿ ಹೊಗೆ ಎದ್ದಿರುವಾಗ ಓದು, ಕಣ್ಣಲ್ಲಿ ನೀರು ಬಂದರೆ ಯಾರೂ ಕೇಳುವುದಿಲ್ಲ.

ಹಿತ್ತಲ ಮರ ಕಡಿದಾಯಿತು, ಪುಟ್ಟಕ್ಕ. ಎಲ್ಲವನ್ನೂ ಕಡಿದೆ. ‘ಮಿಕ್ಕಿದ್ದು ಏನಾದರೂ ಮಾಡಿಕೋ ಅಪ್ಪಾ, ನನ್ನ ಮಗನ ಮರ ಒಂದನ್ನು ಮುಟ್ಟಬೇಡ, ಮುಟ್ಟಿದರೆ ಬಾಣಂತನಕ್ಕೆ ನಾನು ಆ ಮನೆಗೆ ಕಾಲಿಡುವುದಿಲ್ಲ’ ಎಂದು ಬರೆದಿದ್ದೆಯಲ್ಲ, ಅದನ್ನೂ ಕಡಿದೆ. ಬರೀ ಕಡಿದು ಬಿಡಲಿಲ್ಲ, ಬುಡ ಸಮೇತ ಅಗೆದು ತೆಗೆದೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ, ಅದು ನಿನಗೂ ಗೊತ್ತು. ಈಗ ಕಾಗದವನ್ನು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕು. ಆದರೆ ಅದು ಅಲ್ಲಿಗೆ ಹೇಗೆ ಬಂತು, ಹೇಗೆ ಹೋಯಿತು, ಅದರ ಕೆಳಗೆ ಏನಿತ್ತು ಎನ್ನುವುದನ್ನು ನನ್ನಿಂದಲೇ ಕೇಳಿಕೋ. ಬೇರೆಯವರ ಬಾಯಿಂದ ಕೇಳಿದರೆ ಅದಕ್ಕೆ ಬಾಲ ಬೆಳೆದಿರುತ್ತದೆ.

ಏಳು ವರ್ಷದ ಹಿಂದೆ ಚೊಚ್ಚಲ ಹೆರಿಗೆಗೆ ಬಂದಾಗ ಹಿತ್ತಲಲ್ಲಿ ನಡೆದದ್ದನ್ನು ನೀನು ನೋಡಲಿಲ್ಲ. ನೀನು ಕೋಣೆಯಲ್ಲಿದ್ದೆ. ಕೂಸು ಒಂಬತ್ತು ದಿನ ಇದ್ದು ಹೋಯಿತು. ಹೆಸರಿಡುವ ಶಾಸ್ತ್ರ ಆಗಿರಲಿಲ್ಲ. ಹಲ್ಲು ಹುಟ್ಟದ ಕೂಸನ್ನು ದೊಡ್ಡವರನ್ನು ಮಣ್ಣು ಮಾಡಿದ ಸಾಲಿಗೆ ಒಯ್ಯುವುದಿಲ್ಲ, ಮನೆಯ ಹಿತ್ತಲಲ್ಲೇ ಇಡಬೇಕು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಎಡೆ ಇಲ್ಲ, ತಿಥಿ ಇಲ್ಲ, ಅದರ ಮಾತೂ ಎತ್ತಬಾರದು. ಸೂಲಗಿತ್ತಿ ಸಿದ್ದಗಂಗಮ್ಮ ಒಳಗೆ ನಿನಗೆ ‘ಅಳ್ಬ್ಯಾಡ ಕಣವ್ವ, ಹೆಸ್ರಿಲ್ಲದ್ದಕ್ಕೆ ಅತ್ರೆ ಮುಂದಿಂದು ನಿಲ್ಲಲ್ಲ’ ಎಂದು ಹೇಳುತ್ತಿದ್ದದ್ದು ನಾನು ಹೊರಗೆ ಗುಂಡಿ ತೆಗೆಯುತ್ತಿದ್ದಾಗ ಕೇಳಿಸುತ್ತಿತ್ತು. ನೀನು ಅಳುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದೇ ನನಗೆ ಸಹಿಸಲಾಗಲಿಲ್ಲ.

ಗುಂಡಿ ಮುಚ್ಚಿದ ಮೇಲೆ ನಾಯಿ ನರಿ ಕೆದಕದ ಹಾಗೆ ಮೇಲೆ ಮುಳ್ಳು ಹೊದಿಸಬೇಕಲ್ಲ. ಗೊಲ್ಲರ ಹಟ್ಟಿಯ ಕ್ಯಾತಣ್ಣ, ನಮ್ಮ ಹೊಲದಲ್ಲಿ ಗೊಬ್ಬರಕ್ಕೆ ಕುರಿ ತರುಬುವವನು, ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನು, ಅವನೇ ಓಡಿ ಹೋಗಿ ಮುಳ್ಳು ತಂದ. ನಮ್ಮ ಕರೀ ಜಾಲಿ ತರಲಿಲ್ಲ. ಗಡಿ ದಾಟಿದರೆ ಮದ್ರಾಸಿನವರ ಸೀಮೆ, ಅಲ್ಲಿ ಆಗ ಹೊಸದಾಗಿ ಬೇಲಿಗೆ ಹಾಕಿದ್ದ, ತೆಲುಗರು ತುಮ್ಮ ಎನ್ನುವ ಬೇರೆ ಜಾತಿಯ ಜಾಲಿ ಮುಳ್ಳನ್ನು ತಲೆಯ ಮೇಲೆ ಹೊತ್ತು ತಂದ. ‘ಇದು ಸರ್ಕಾರು ತುಮ್ಮ ಕಣಣ್ಣೋ, ಆನೆ ಬಂದ್ರೂವೆ ಹಿಂದಕ್ಕೋಯ್ತದೆ. ನಿನ್ನ ಮೊಮ್ಮಗನ್ನ ಒಂದು ಇರುವೇನೂ ಮುಟ್ಟಾಕಿಲ್ಲ’ ಎಂದ. ಪಾಪ, ಒಳ್ಳೆಯದಕ್ಕೇ ತಂದದ್ದು. ಆ ಕೊಂಬೆಗಳ ತುಂಬ ಹಳದಿ ಕಾಯಿ ಒಣಗಿ ನೇತಾಡುತ್ತಿದ್ದವು. ಅವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅಂಥ ಹೊತ್ತಿನಲ್ಲಿ ಯಾರು ಕಾಯಿ ನೋಡುತ್ತಾರೆ?

ಮುಂದಿನ ಮಳೆಗೆ ಅಲ್ಲೇ ಮೊಳಕೆ ಬಂತು. ಗೌರಿ ಹಬ್ಬಕ್ಕೆ ಬಂದ ನೀನು ಅದನ್ನು ನೋಡಿದೆ. ನೋಡಿ ಚೊಂಬಿನಲ್ಲಿ ನೀರು ತಂದು ಹಾಕಿದೆ. ನಾನು ಗೋಡೆಯ ಮರೆಯಲ್ಲಿ ಬೀಡಿ ಸೇದುತ್ತಾ ನಿಂತಿದ್ದೆ. ಬೆರಳುದ್ದ ಗಿಡ, ಆಗಲೇ ಕಿತ್ತು ಹಾಕಿದ್ದರೆ ಎರಡು ಬೆರಳಿನ ಕೆಲಸ. ನೀರು ಹಾಕುವವಳ ಮುಂದೆ ಕೀಳುವುದು ಹೇಗೆ? ಆಮೇಲೆ ಪ್ರತಿ ಸಲ ಬಂದಾಗಲೂ ನೀನು ಒಳಗೆ ಕೈಕಾಲು ತೊಳೆಯುವ ಮೊದಲು ಹಿತ್ತಲಿಗೆ ಹೋಗುತ್ತಿದ್ದೆ. ‘ನನ್ನ ಮಗ ಸೂರು ಮುಟ್ಟಿದ’ ಎಂದೆ ಒಂದು ವರ್ಷ. ‘ನನ್ನ ಮಗ ಸೂರು ದಾಟಿದ’ ಎಂದೆ ಇನ್ನೊಂದು ವರ್ಷ. ಕರೆಯುವುದಕ್ಕೆ ಬೇರೆ ಏನೂ ಇಲ್ಲದವಳು ಮರವನ್ನೇ ಮಗ ಎಂದು ಕರೆದೆ. ಅದರಲ್ಲಿ ತಪ್ಪಿಲ್ಲ ಬಿಡು. ನನಗೆ ಅದು ಇಷ್ಟವಾಗುತ್ತಿರಲಿಲ್ಲ, ಅಷ್ಟೇ.

ಅದು ಒಂದೇ ಮರವಾಗಿ ಉಳಿದಿದ್ದರೆ ನಾನು ಕೊಡಲಿ ಎತ್ತುತ್ತಿರಲಿಲ್ಲ. ಆಡು ಕುರಿ ಬಂದು ಆ ಕಾಯಿ ತಿಂದವು, ಹಿತ್ತಲ ತುಂಬ ಹಿಕ್ಕೆ ಹಾಕಿದವು, ಹಿಕ್ಕೆ ಬಿದ್ದಲ್ಲೆಲ್ಲ ಮುಳ್ಳು ಎದ್ದಿತು. ನೀನು ನೆಟ್ಟಿದ್ದ ಕರಿಬೇವು ಮೊದಲು ಹೋಯಿತು. ನುಗ್ಗೆ ಹೋಯಿತು. ಹೊಂಗೆಯ ಗಿಡವೊಂದು ಏಳುತ್ತಿತ್ತು, ಅದನ್ನು ಕತ್ತು ಹಿಸುಕಿದ ಹಾಗೆ ಒಣಗಿಸಿತು. ಅದರ ನೆರಳಿನಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ, ಕೋಳಿ ಕೂಡ ಕೆದಕುವುದಿಲ್ಲ. ಬಾವಿಗೆ ಹೋಗುವ ದಾರಿ ಒಬ್ಬರು ಅಡ್ಡ ತಿರುಗಿ ಹೋಗುವಷ್ಟು ಆಯಿತು. ಎರಡು ಅಟ್ಟೆಯ ಎಕ್ಕಡ ಮೆಟ್ಟಿಕೊಂಡು ಹೋದರೂ ಮುಳ್ಳು ಒಳಕ್ಕೆ ಬರುತ್ತಿತ್ತು. ನಾನು ಮಚ್ಚು ಹಿಡಿದು ಹೊರಟಾಗಲೆಲ್ಲ ನಿಮ್ಮಮ್ಮ ಅಡ್ಡ ಬಂದು ಒಂದೇ ಮಾತು ಹೇಳುತ್ತಿದ್ದಳು: ‘ಗಂಧದ ಮರ ನಮ್ಮ ಹೊಲ್ದಾಗೆ ಹುಟ್ಟಿದ್ರೂ ಮಹಾರಾಜ್ರುದು ತಾನೇ? ಕಡುದ್ರೆ ಕೋಳ ಹಾಕ್ತಾರೆ ತಾನೇ? ಇದ್ರ ಹೆಸ್ರಾಗೇ ಸರ್ಕಾರ ಐತೆ ಕಣಯ್ಯೋ, ಸರ್ಕಾರಿ ತುಮ್ಮ. ಮುಟ್ಟಿ ಜೈಲಿಗೋಗ್ಬ್ಯಾಡ.’ ನಾನು ನಂಬಿದೆ. ನಗಬೇಡ, ನಾನೊಬ್ಬನೇ ಅಲ್ಲ, ಊರಲ್ಲಿ ಅರ್ಧ ಜನ ನಂಬಿದ್ದರು. ನಮ್ಮ ದಾಯಾದಿ ದೊಡ್ಡರಂಗಪ್ಪ ತನ್ನ ಕಣದಲ್ಲಿ ಎದ್ದ ಗಿಡಕ್ಕೆ ಸರ್ಕಾರದ ಸೊತ್ತು ಎಂದು ಕಲ್ಲು ಕಟ್ಟೆ ಕಟ್ಟಿಸಿದ.

ಇನ್ನು ನಿಮ್ಮಮ್ಮನ ವಿಷಯ. ಅವಳ ಕಾಲಿಗೆ ಏನೋ ಸ್ವಲ್ಪ ನೋವು ಎಂದು ನಿನಗೆ ಕಾರ್ತೀಕದಲ್ಲಿ ಬರೆಸಿದ್ದಳು. ಬರೆದವನು ನಾನೇ, ಅವಳು ಹೇಳಿದ ಹಾಗೆ ಬರೆದೆ. ಅದು ಸ್ವಲ್ಪ ನೋವಲ್ಲ. ಬೆರಣಿ ತರಲು ಹಿತ್ತಲಿಗೆ ಹೋದವಳಿಗೆ ಬಲಗಾಲಿನ ಹೆಬ್ಬೆರಳ ಬುಡಕ್ಕೆ ಮುಳ್ಳು ನೆಟ್ಟು ಒಳಗೇ ಮುರಿಯಿತು. ಎಕ್ಕದ ಹಾಲು ಹಾಕಿದಳು, ಬಿಸಿ ಇಟ್ಟಿಗೆಯ ಮೇಲೆ ಕಾಲಿಟ್ಟು ಕೂತಳು, ಯಾರಿಗೂ ಹೇಳಲಿಲ್ಲ. ಕಾಲು ಕಪ್ಪಗಾಗಿ ನಾತ ಬರುವ ಹೊತ್ತಿಗೆ ನಾನು ಗಾಡಿ ಕಟ್ಟಿ ಪಾವಗಡದ ಆಸ್ಪತ್ರೆಗೆ ಹೊತ್ತೊಯ್ದೆ. ಡಾಕ್ಟರು ಹೆಬ್ಬೆರಳು ತೆಗೆದರು. ಇನ್ನು ತಡ ಮಾಡಿದ್ದರೆ ಮೊಣಕಾಲಿನ ತನಕ ತೆಗೆಯಬೇಕಾಗಿತ್ತು, ಇನ್ನೊಂದು ಮುಳ್ಳು ತಾಗಿದರೆ ಈ ಕಾಲನ್ನು ಉಳಿಸುವುದು ತನ್ನ ಕೈಯಲ್ಲಿಲ್ಲ ಎಂದರು. ಈಗ ಗಾಯ ಕೂಡಿದೆ, ಕೋಲು ಹಿಡಿದು ಓಡಾಡುತ್ತಾಳೆ. ನೀನು ಬಸುರಿ ಎಂದು ಗೊತ್ತಾದ ದಿನ, ಬಸುರಿಗೆ ಹೇಳಬೇಡ ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಆಣೆ ಮುರಿದಿದ್ದೇನೆ. ಮರ ಏಕೆ ಕಡಿದೆ ಎಂದು ನಿನಗೆ ಗೊತ್ತಾಗಬೇಕಾದರೆ ಇದನ್ನು ಬಿಟ್ಟು ಬರೆಯುವುದು ಹೇಗೆ?

ಆಸ್ಪತ್ರೆಯಿಂದ ಬಂದ ದಿನವೇ ನಾನು ಕಡಿಯುತ್ತೇನೆ ಎಂದೆ. ಗಾಡಿಯಿಂದ ಇಳಿಸಿಕೊಳ್ಳುತ್ತಿರುವಾಗಲೇ ಅವಳು ನನ್ನ ಕುತ್ತಿಗೆಗೆ ಜೋತು ಬಿದ್ದು ‘ಒಂದು ಬೆಳ್ಳು ತಾನೇ ಹೋಗಿದ್ದು, ಇನ್ನೂ ಒಂಬತ್ತವೆ. ನನ್ನ ಮಗಳ ಮರ ಮುಟ್ಟೀಯ, ಜ್ವಾಕೆ’ ಎಂದಳು. ನನಗೆ ಪಿತ್ತ ನೆತ್ತಿಗೇರಿತು. ಸರ್ಕಾರದ ಮರವಾದರೆ ಸರ್ಕಾರವನ್ನೇ ಕೇಳೋಣ ಎಂದು ಮಾರನೆಯ ಸಂತೆಗೆ ಪಾವಗಡಕ್ಕೆ ಹೋದವನು ಸೀದಾ ತಾಲ್ಲೂಕು ಕಚೇರಿಗೆ ಹೋಗಿ ಕೈ ಕಟ್ಟಿ ನಿಂತೆ. ಹಿತ್ತಲಲ್ಲಿರುವ ಸರ್ಕಾರಿ ತುಮ್ಮ ಕಡಿಯಲು ಅಪ್ಪಣೆ ಬೇಕು ಎಂದೆ. ಗುಮಾಸ್ತ ಲೇಖಣಿ ಕೆಳಗಿಟ್ಟು ನನ್ನ ಮುಖ ನೋಡಿದ. ‘ಏನಯ್ಯಾ, ಕದ್ದು ಕಡಿಯೋರನ್ನ ನೋಡಿದ್ದೀನಿ, ಕಡೀತೀನಿ ಅಂತ ಕೇಳೋಕೆ ಬಂದೋನು ನೀನೇ ಮೊದಲು. ಈ ಮುಳ್ಳು ತಗೊಂಡು ಮಹಾರಾಜರು ಏನು ಮಾಡ್ತಾರೆ, ಹಲ್ಲು ಚುಚ್ಕೋತಾರಾ?’ ಎಂದ. ಇಡೀ ಕಚೇರಿ ನಕ್ಕಿತು. ಜವಾನನೂ ನಕ್ಕ. ನಾನು ನನ್ನ ಪೇಟ ಸರಿ ಮಾಡಿಕೊಂಡು, ನಗುವಂಥದ್ದು ಏನಿದೆ ಎಂದು ಅವನನ್ನೇ ಗದರಿಸಿ ಹೊರಗೆ ಬಂದೆ.

ದಾರಿಯುದ್ದಕ್ಕೂ ಕುದಿಯುತ್ತಾ ಬಂದು ಅವಳ ಮುಂದೆ ನಿಂತು ‘ಇದು ಸರ್ಕಾರದ್ದಲ್ಲ ಅಂತ ನಿಂಗೆ ಗೊತ್ತಿತ್ತೇನೇ?’ ಎಂದು ಕೇಳಿದೆ. ‘ಗೊತ್ತಿತ್ತು ಬುಡು’ ಎಂದಳು. ‘ಯಾವಾಗಿಂದ?’ ಎಂದೆ. ‘ಹೇಳ್ದಾಗ್ಲಿಂದ’ ಎಂದಳು. ಹೇಳಿ ನಗಾಡಿದಳು, ಪುಟ್ಟಕ್ಕ. ಬೆರಳು ಹೋದ ಮೇಲೆ ಅವಳು ನಕ್ಕದ್ದು ಅದೊಂದೇ ಸಲ. ನಿನಗೋಸ್ಕರ ಅವಳು ಆರು ವರ್ಷ ನನ್ನನ್ನು ಮಹಾರಾಜರ ಹೆಸರು ಹೇಳಿ ಹೆದರಿಸಿದ್ದಾಳೆ. ನಿಮ್ಮಮ್ಮ ಸುಳ್ಳು ಹೇಳುವವಳಲ್ಲ ಎಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡು ತಿರುಗಿದವನು.

ಆಮೇಲೆ ಹಿತ್ತಲ ಮುಳ್ಳು ಕಡಿಯುತ್ತೇನೆ ಎಂದು ನಿನಗೆ ಬರೆದೆ, ನಿನ್ನ ಕಾಗದ ಬಂತು. ಬಸುರಿ ಎನ್ನುವ ಸುದ್ದಿ ಮೊದಲ ಸಾಲಿನಲ್ಲಿ, ಮರ ಮುಟ್ಟಬೇಡ ಎನ್ನುವುದು ಎರಡನೆಯ ಸಾಲಿನಲ್ಲಿ. ನಿಮ್ಮಮ್ಮ ಅದನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಓದಿಸಿಕೊಂಡಳು. ನಾನು ಓದಿ ಓದಿ ಹಿತ್ತಲ ಬಾಗಿಲಲ್ಲಿ ಕೂತು ನೋಡಿದೆ. ಈ ಹಿತ್ತಲಿಗೆ ಇನ್ನೊಂದು ಕೂಸು ಬರುತ್ತದೆ. ಅಂಬೆಗಾಲಿಟ್ಟರೆ ಅಂಗೈ, ಮೊಣಕಾಲು, ಎದ್ದು ನಡೆದರೆ ಅಂಗಾಲು, ಬಿದ್ದರೆ ಕಣ್ಣು. ಮೊದಲನೆಯದನ್ನು ನಾಯಿ ನರಿಯಿಂದ ಕಾಯಲು ಹಾಕಿದ ಮುಳ್ಳು ಎರಡನೆಯದನ್ನು ಚುಚ್ಚಲು ಬಾಯಿ ಬಿಟ್ಟುಕೊಂಡು ಕಾಯುತ್ತಿದೆ. ಒಂದನ್ನು ಉಳಿಸಿ ಮಿಕ್ಕಿದ್ದನ್ನು ತೆಗೆಯೋಣ ಎಂದು ನಾನೂ ಲೆಕ್ಕ ಹಾಕಿದೆ, ನೀನು ಬರೆದ ಹಾಗೆಯೇ. ಆದರೆ ಎಲ್ಲಕ್ಕೂ ತಾಯಿ ಅದೇ. ಅದರ ಕಾಯಿ ಒಂದು ಬೇಸಗೆ ಉದುರಿದರೆ ಸಾಕು, ಮಳೆಗೆ ಮತ್ತೆ ಹಿತ್ತಲೆಲ್ಲ ಅದೇ.

ಕ್ಯಾತಣ್ಣನನ್ನು ಕರೆದೆ. ನಾನು ಹೇಳುವ ಮೊದಲೇ ಅವನಿಗೆ ಗೊತ್ತಿತ್ತು. ಮಿಕ್ಕ ಮರಗಳನ್ನು ಇಬ್ಬರೂ ಸೇರಿ ಕಡಿದು, ಬುಡ ಕಿತ್ತು, ಎಳೆದು ಗೋಡೆಯ ಆಚೆ ಹಾಕಿದೆವು. ನನ್ನ ಕೈ ನೋಡಿದರೆ ನೀನು ಬೆಕ್ಕು ಪರಚಿದೆ ಎನ್ನುತ್ತೀಯ. ಕೊನೆಗೆ ಆ ಒಂದು ಉಳಿಯಿತು. ಅದರ ಮುಂದೆ ಕೂತು ಎಲೆ ಅಡಿಕೆ ಹಾಕಿಕೊಂಡೆವು. ‘ಕಡುದ್ರೆ ಹೋಗೋ ಜಾತಿಯಲ್ಲ ಕಣಣ್ಣ ಇದು’ ಎಂದ ಅವನು. ‘ಒಂದು ಕೈ ಕಡುದ್ರೆ ನೂರು ಕೈ ಬತ್ತವೆ. ತಾಯಿಬೇರಿನ ಕುತ್ಗೆಗಿಂತ ಕೆಳಿಕ್ಕೆ ಹೋಗ್ಬೇಕು. ಅಗೀಬೇಕು.’ ಕೆಳಗೆ ಯಾರಿದ್ದಾರೆ ಎಂದು ಇಬ್ಬರಿಗೂ ಗೊತ್ತಿತ್ತು. ನಾನೇ ಇಟ್ಟದ್ದು.

ಮೇಲಿನ ಮರ ಉರುಳಿಸುವ ತನಕ ನಿಮ್ಮಮ್ಮ ಒಳಗೇ ಇದ್ದಳು, ಒನಕೆ ಕುಟ್ಟುತ್ತಿದ್ದಳು. ಕುಟ್ಟುವುದಕ್ಕೆ ಒರಳಿನಲ್ಲಿ ಏನೂ ಇರಲಿಲ್ಲ, ಬರೀ ಕಲ್ಲಿನ ಸದ್ದು ಬರುತ್ತಿತ್ತು. ಹಾರೆಯಲ್ಲಿ ಸುತ್ತ ಬಿಡಿಸಿಕೊಂಡು ಮೊಳ ಆಳಕ್ಕೆ ಹೋದ ಮೇಲೆ ನಾನು ಕ್ಯಾತಣ್ಣನಿಗೆ ಹಾರೆ ಇಟ್ಟು ಮೇಲೆ ಹೋಗು ಎಂದೆ. ಅಲ್ಲಿಂದ ಮುಂದೆ ಕಬ್ಬಿಣ ತಾಗಿಸಲು ಮನಸ್ಸು ಬರಲಿಲ್ಲ. ತೆಂಗಿನ ಕರಟದಲ್ಲಿ ಕೆದಕಿದೆ, ಆಮೇಲೆ ಬರೀ ಕೈಯಲ್ಲಿ ಕೆದಕಿದೆ. ಬೇರು ಬಲೆ ಹೆಣೆದ ಹಾಗೆ ಹೆಣೆದುಕೊಂಡಿತ್ತು. ಒಂದೊಂದು ಎಳೆಯನ್ನೂ ಬಿಡಿಸುತ್ತಾ ಹೋದೆ. ನೀನು ಕೇಳುತ್ತೀಯ, ಏನು ಸಿಕ್ಕಿತು ಅಪ್ಪಾ ಎಂದು. ಏನೂ ಸಿಗಲಿಲ್ಲ. ಸುಳ್ಳು ಬರೆದು ನಿನ್ನನ್ನು ಸಮಾಧಾನ ಮಾಡಲು ನನಗೆ ಬರುವುದಿಲ್ಲ. ಅಷ್ಟು ಎಳೆಯ ಮೂಳೆ, ಏಳು ವರ್ಷ, ಮಣ್ಣಾಗಿ ಹೋಗಿತ್ತು. ನಮ್ಮ ಹಿತ್ತಲ ಮಣ್ಣು ಕೆಂಪು, ನಿನಗೆ ಗೊತ್ತು. ಅಲ್ಲಿ ಒಂದು ಮೊರದಗಲ ಜಾಗದಲ್ಲಿ ಮಾತ್ರ ಮಣ್ಣು ಕಪ್ಪಗೆ, ಮೆತ್ತಗೆ ಇತ್ತು. ಅವನು ಅಷ್ಟೇ ಉಳಿದಿದ್ದ. ಅಷ್ಟಾದರೂ ಉಳಿದಿದ್ದ.

ಅದನ್ನು ಅಲ್ಲೇ ಬಿಟ್ಟು ಮುಚ್ಚುವುದಕ್ಕೆ ಆಗುವುದಿಲ್ಲ. ಬೇರಿನ ತುಂಡು ಒಂದು ಉಳಿದರೂ ಮತ್ತೆ ಅವನ ಮೇಲೆಯೇ ಏಳುತ್ತದೆ. ಬೇರೆ ಕಡೆ ಒಯ್ಯಬೇಕು ಎಂದುಕೊಂಡೆ. ಒಂದು ಮಂಕರಿ ತಾರೇ ಎಂದು ನಿಮ್ಮಮ್ಮನನ್ನು ಕೂಗಿದೆ. ಒನಕೆಯ ಸದ್ದು ನಿಂತಿತು. ಕೋಲೂರಿಕೊಂಡು ಬಂದಳು, ಮಂಕರಿ ತರಲಿಲ್ಲ, ಮೊರ ತಂದಳು. ನೀನು ಹುಟ್ಟಿದಾಗ ನಿನ್ನನ್ನು ಮಲಗಿಸಿದ್ದ ಮೊರ, ಅವನನ್ನೂ ಮಲಗಿಸಿದ್ದ ಮೊರ. ಅದರಲ್ಲಿ ತನ್ನ ಹಳೇ ಸೀರೆಯ ತುಂಡು ಹಾಸಿದ್ದಳು. ಆ ಕಪ್ಪು ಮಣ್ಣನ್ನು ನಾನು ಬೊಗಸೆ ಬೊಗಸೆಯಾಗಿ ಕೊಟ್ಟೆ, ಅವಳು ಹಾಕಿಕೊಂಡಳು.

ಎತ್ತಲು ಹೋದರೆ ಕ್ಯಾತಣ್ಣ ತಡೆದ. ಅವರ ಹಟ್ಟಿಯಲ್ಲಿ ಒಂದು ಕ್ರಮ ಇದೆಯಂತೆ. ಹಟ್ಟಿ ಬಿಟ್ಟು ಬೇರೆ ಕಡೆ ಹೊರಟಾಗ ದೇವರ ಕಲ್ಲನ್ನಾಗಲಿ, ಸತ್ತ ಹಿರಿಯರ ಮಣ್ಣನ್ನಾಗಲಿ ಸುಮ್ಮನೆ ಎತ್ತಿಕೊಂಡು ಹೋಗುವುದಿಲ್ಲವಂತೆ. ‘ಹೆಸ್ರು ಹಿಡುದು ಕರೀಬೇಕು ಕಣಣ್ಣ. ಏಳಪ್ಪಾ, ನಮ್ ಜತೇಗೆ ಬಾರಪ್ಪಾ ಅಂತ. ಕರೀದೆ ಹೋದ್ರೆ ಮಣ್ಣು ಬತ್ತದೆ, ಅದು ಬರಾಕಿಲ್ಲ. ಇಲ್ಲೇ ಕುಂತ್ಕಂತದೆ’ ಎಂದ. ನಾನು ‘ಹೆಸ್ರಿದ್ರೆ ತಾನೇ ಲೇ ಕರಿಯೋದು!’ ಎಂದು ಅವನ ಮೇಲೆ ರೇಗಿದೆ. ನಿಮ್ಮಮ್ಮ ಮೊರ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತಳು. ಗುಂಡಿಯೊಳಗೆ ಸೊಂಟದ ತನಕ ನಿಂತು ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡೆ. ಆಮೇಲೆ ಕರೆದೆ. ಗಟ್ಟಿಯಾಗಿಯೇ ಕರೆದೆ, ಪಕ್ಕದ ಮನೆಯವರಿಗೆ ಕೇಳಿಸಿದರೆ ಕೇ­ಳಿಸಲಿ ಎಂದು. ಬಾ ಎಂದೆ. ಬಂದನು ಎಂದುಕೊಂಡಿದ್ದೇನೆ, ಮೊರ ಎತ್ತಿಕೊಂಡಾಗ ಭಾರವಿತ್ತು.

ನಮ್ಮ ಮೂಡಲ ಹೊಲದ ಬದುವಿಗೆ ಒಯ್ದು ನಮ್ಮಪ್ಪನನ್ನು ಮಣ್ಣು ಮಾಡಿದ ಗುಡ್ಡೆಯ ಪಕ್ಕದಲ್ಲಿ ಇಟ್ಟೆ. ದಾರಿಯಲ್ಲಿ ದೊಡ್ಡರಂಗಪ್ಪ ಅಡ್ಡ ಸಿಕ್ಕಿದ. ಮೊರ ನೋಡಿದ, ನನ್ನ ಮುಖ ನೋಡಿದ, ಅವನಿಗೆ ಅರ್ಥವಾಯಿತು. ‘ಏನ್ಲಾ ಕದ್ರ, ಹಲ್ಲು ಬರದ ಕೂಸನ್ನ ಹಿರೀಕರ ಸಾಲಿಗೆ ತಂದಾಕ್ತೀಯಾ? ಮೈಲಿಗೆ ಗೀಲಿಗೆ ಏನೂ ಇಲ್ವಾ?’ ಎಂದು ಜಗಳಕ್ಕೆ ಬಂದ. ‘ಹೊಲ ನಂದು, ಮಲಗಿರೋನು ನಮ್ಮಪ್ಪ. ಬ್ಯಾಡ ಅನ್ನೋದಾದ್ರೆ ಅವನೇ ಎದ್ದು ಬಂದು ಹೇಳ್ಲಿ, ನೀನ್ಯಾವೋನ್ಲಾ?’ ಎಂದೆ. ಅವನು ಉಗಿದು ಹೋದ. ಊರಲ್ಲಿ ಈಗ ಇದೇ ಮಾತು. ಆಡಿಕೊಳ್ಳಲಿ. ಮೇಲೆ ಏನೂ ನೆಟ್ಟಿಲ್ಲ, ನೆಡುವುದೂ ಇಲ್ಲ. ಗಿಡ ಗಂಟಿಯ ಸಹವಾಸ ಸಾಕು. ಒಂದು ಚಪ್ಪಡಿ ಕಲ್ಲು ಇಟ್ಟಿದ್ದೇನೆ.

ಅವತ್ತಿನಿಂದ ನಿಮ್ಮಮ್ಮ ನನ್ನ ಜೊತೆ ಮಾತಾಡಿಲ್ಲ. ಸಿಟ್ಟು ಎಂದು ಹೇಳಲಾರೆ. ಮುದ್ದೆ ಇಡುತ್ತಾಳೆ, ಸಾರು ಬಿಡುತ್ತಾಳೆ, ನೀರಿನ ಚೊಂಬು ಮುಂದಿಡುತ್ತಾಳೆ. ಹಿತ್ತಲ ಬಾಗಿಲು ತೆಗೆದಿಟ್ಟು ಅಲ್ಲೇ ಕೂತಿರುತ್ತಾಳೆ. ಮೊನ್ನೆ ಕಮ್ಮಾರ ಬಂದು ಇದ್ದಿಲಿಗೆ ಒಳ್ಳೆ ಕಟ್ಟಿಗೆ ಇದು, ಕೊಡಿ ಎಂದು ಕೇಳಿದ. ಒಯ್ಯಿ ಎಂದೆ. ಆಗ ಒಳಗಿನಿಂದ ಅವನಿಗೆ, ನನಗಲ್ಲ, ‘ಅರ್ಧ ಬುಟ್ಟೋಗಪ್ಪಾ, ಬಾಣಂತಿ ನೀರಿಗೆ ಬೇಕಾಯ್ತದೆ’ ಎಂದಳು. ನೀನು ಬರುತ್ತೀಯ ಎಂದೇ ಅವಳು ಇದ್ದಾಳೆ. ಆ ಒಂದು ಮರದ ಕಟ್ಟಿಗೆಯನ್ನು ಮಾತ್ರ ನಾನು ಕಮ್ಮಾರನಿಗೂ ಕೊಟ್ಟಿಲ್ಲ, ಒಲೆಯ ಹತ್ತಿರಕ್ಕೂ ತಂದಿಲ್ಲ. ದನದ ಕೊಟ್ಟಿಗೆಯ ಅಟ್ಟದಲ್ಲಿ ಬೇರೆ ಇಟ್ಟಿದ್ದೇನೆ. ಏನು ಮಾಡಬೇಕೋ ನೀನೇ ಹೇಳಬೇಕು, ನನಗೆ ತೋಚುತ್ತಿಲ್ಲ.

ಹಿತ್ತಲು ಈಗ ನೋಡುವ ಹಾಗಿಲ್ಲ. ಗುಂಡಿ ಗುಂಡಿ ಬಿದ್ದು ಸಿಡುಬು ಬಂದು ಹೋದ ಮುಖದ ಹಾಗಿದೆ. ನಡುಹಗಲಿನ ಬಿಸಿಲು ಸೀದಾ ಅಡಿಗೆಮನೆಯ ತನಕ ಬರುತ್ತದೆ. ನಾನು ಬೆಳಿಗ್ಗೆ ಎದ್ದ ಕೂಡಲೇ ಬರಿಗಾಲಲ್ಲಿ ಅದರ ತುಂಬ ನಡೆಯುತ್ತೇನೆ, ಬಿಟ್ಟು ಹೋದ ಮುಳ್ಳು ಇದ್ದರೆ ಕೂಸಿನ ಕಾಲಿಗಿಂತ ಮೊದಲು ನನ್ನ ಕಾಲಿಗೆ ತಾಗಲಿ ಎಂದು. ಸಿಗುತ್ತಲೇ ಇವೆ. ನೀನು ಬರುವಷ್ಟರಲ್ಲಿ ಮುಗಿಸುತ್ತೇನೆ. ಮರ ಒಳ್ಳೆಯದೇ ಮಾಡಿತು ಎಂದು ನಾನು ಹೇಳುವುದಿಲ್ಲ, ಕಡಿದದ್ದು ಒಳ್ಳೆಯದಾಯಿತು ಎಂದೂ ಹೇಳಲು ಬಾಯಿ ಬರುತ್ತಿಲ್ಲ. ಸಾಯಂಕಾಲ ದನ ಹೊಡೆದುಕೊಂಡು ಬರುವಾಗ ದೂರದಿಂದ ನಮ್ಮ ಮನೆಯ ಗುರುತಿಗೆ ಆ ತಲೆ ಕಾಣುತ್ತಿತ್ತು. ಈಗ ಕಾಣುವುದಿಲ್ಲ. ಕಾಲು ಒಂದು ಗಳಿಗೆ ನಿಲ್ಲುತ್ತದೆ.

ಶಿವರಾತ್ರಿ ಕಳೆದ ಮೇಲೆ ನಿನ್ನನ್ನು ಕರೆದುಕೊಂಡು ಬರಲು ಹೊರಡುತ್ತೇನೆ. ಮಧುಗಿರಿಯಲ್ಲಿ ಬಸ್ಸು ಬದಲಾಯಿಸಬೇಕು, ಅಲ್ಲಿ ಕೂತು ಸುಧಾರಿಸಿಕೊಂಡು ಮುಂದೆ ಬರೋಣ. ಬರುವುದಿಲ್ಲ ಎಂದರೆ ಬಾಗಿಲಲ್ಲಿ ನಿಂತು ಹೇಳು, ಕೇಳಿಕೊಂಡು ಹಿಂದಕ್ಕೆ ಬರುತ್ತೇನೆ, ಕೂಗಾಡುವುದಿಲ್ಲ. ಆದರೆ ನೀನು ಬಾರದಿದ್ದರೆ ನಿಮ್ಮಮ್ಮ ಒಂಬತ್ತು ಬೆರಳಿನಲ್ಲಿ ಶಿರಾಕ್ಕೆ ನಡೆದು ಬರುತ್ತಾಳೆ, ಆಗ ಅವಳನ್ನು ತಡೆಯುವುದು ನನ್ನ ಕೈಯಲ್ಲಿಲ್ಲ. ಬಂದ ದಿನವೇ ಹೊಲದ ಬದುವಿಗೆ ಕರೆದುಕೊಂಡು ಹೋಗುತ್ತೇನೆ. ನೀರು ಹಾಕಬೇಕು ಅನ್ನಿಸಿದರೆ ಆ ಕಲ್ಲಿನ ಮೇಲೆ ಹಾಕು, ಯಾರಾದರೂ ಕೇಳಿದರೆ ನಾನು ನೋಡಿಕೊಳ್ಳುತ್ತೇನೆ.

ನಿಮ್ಮ ಅತ್ತೆ ಮಾವನವರಿಗೆ ನನ್ನ ನಮಸ್ಕಾರ ತಿಳಿಸು, ಮೇಲೆ ಬರೆದ ನಾಲ್ಕು ಮಾತು ತಿಳಿಸಬೇಡ. ಅಳಿಯಂದಿರಿಗೆ ಆಡುಸೋಗೆ ಕಷಾಯ ಕುಡಿಸು. ಹೊತ್ತಿಗೆ ಸರಿಯಾಗಿ ಉಣ್ಣು, ಎಡಗಡೆ ತಿರುಗಿ ಮಲಗು. ನೀನೂ ನಿನ್ನ ಹೊಟ್ಟೆಯಲ್ಲಿರುವುದೂ ನೂರು ವರ್ಷ ಬಾಳಿ ಎಂದು ಹರಸುವ,

ನಿನ್ನ ಅಪ್ಪ
ಕದರಪ್ಪ

ಇನ್ನೊಂದು ಮಾತು. ಟಪಾಲಿನವನು ಬಾಗಿಲಲ್ಲಿ ನಿಂತು ಗೊಣಗುತ್ತಿದ್ದಾನೆ, ಬೇಗ ಬರೆಯುತ್ತೇನೆ. ಗಂಡು ಹುಟ್ಟಿದರೆ ನಮ್ಮಪ್ಪನ ಹೆಸರು ಪಾಲಪ್ಪ ಎಂದು ಇಡುತ್ತೇನೆ, ಅದಕ್ಕೆ ನಿಮ್ಮ ಮನೆಯವರೂ ಒಪ್ಪಿದ್ದಾರೆ ಎಂದು ನೀನು ಬರೆದಿದ್ದೆ. ಇಡಬೇಡ. ಬೇರೆ ಯಾವುದಾದರೂ ಹೆಸರು ಹುಡುಕಿಕೊಳ್ಳಿ. ಅವತ್ತು ಗುಂಡಿಯಲ್ಲಿ ನಿಂತು ನಾನು ಕರೆದದ್ದು ಅದೇ ಹೆಸರು. ಪಾಲಪ್ಪಾ ಬಾ ಎಂದೆ. ಅಣ್ಣನ ಹೆಸರನ್ನು ತಮ್ಮನಿಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ.